ಜೋಡಣೆ ಕಾಣದಂತೆ ಎಲೆ, ಹೂವು, ಬೀಜಗಳ ಡಿಜಿಟಲ್ ಪ್ಯಾಟರ್ನ್ ಬಿಡಿಸುವುದು

ನಾನು ಮೊದಲ ಸಲ ಬಿಡಿಸಿದ ಎಲೆ ಪ್ಯಾಟರ್ನ್, ಒಂದೇ ಟೈಲ್ ಆಗಿ, ಅಂದರೆ ಮತ್ತೆ ಮತ್ತೆ ಜೋಡಿಸಬೇಕಾದ ಒಂದೇ ಚೌಕವಾಗಿ, ನೋಡಿದಾಗ ಚೆನ್ನಾಗಿಯೇ ಇತ್ತು. ಹಸಿರು ಎಲೆಗಳು, ನಡುನಡುವೆ ಸಣ್ಣ ಹೂವು, ಒಂದು ಕಡೆ ಕೆಂಪು ಹಣ್ಣಿನ ಗೊಂಚಲು. ಆ ಗೊಂಚಲಿಗೇ ಎರಡು ಗಂಟೆ ಹಿಡಿದಿತ್ತು. ಹೆಮ್ಮೆಯಿಂದ ಟೈಲನ್ನು ಇಡೀ ಪರದೆಗೆ ತುಂಬಿಸಿದೆ. ಎಲೆಯೂ ಕಾಣಲಿಲ್ಲ, ಹೂವೂ ಕಾಣಲಿಲ್ಲ. ಕಂಡದ್ದು ಸಾಲಾಗಿ ನಿಂತ ಕೆಂಪು ಚುಕ್ಕೆಗಳು ಮಾತ್ರ.

ಅಂಚಿಗೆ ಅಂಚು ಸೇರಿಸುವ ಕೆಲಸವನ್ನು ಈಗ ಸಾಫ್ಟ್‌ವೇರ್ ಮಾಡಿಕೊಡುತ್ತದೆ. ಒಂದೇ ಚಿತ್ರ ನೂರು ಸಲ ಬಂದಿದೆ ಎಂದು ಕಣ್ಣಿಗೆ ಗೊತ್ತಾಗದಂತೆ ನೋಡಿಕೊಳ್ಳುವುದು ಮಾತ್ರ ನಮ್ಮ ಪಾಲಿಗೇ ಉಳಿದಿದೆ. ಈ ಲೇಖನದಲ್ಲಿ ಅದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಯಾವ ಸಾಫ್ಟ್‌ವೇರ್ ಆದರೂ ನಡೆಯುತ್ತದೆ. ಕ್ರಿಟಾ, ಗಿಂಪ್, ಇಂಕ್‌ಸ್ಕೇಪ್ ಮೂರೂ ಉಚಿತ. ಫೋಟೋಶಾಪ್, ಇಲ್ಲಸ್ಟ್ರೇಟರ್, ಪ್ರೊಕ್ರಿಯೇಟ್‌ಗೆ ದುಡ್ಡು ಕೊಡಬೇಕು. ಹೊಸಬರಿಗೆ ನಾನು ಹೇಳುವುದು ಕ್ರಿಟಾ. ಕಾರಣ ಮುಂದೆ ಬರುತ್ತದೆ.

ಮೊದಲು ಗಿಡ, ಆಮೇಲೆ ಪರದೆ

ಎಲೆ ಬಿಡಿಸಿ ಎಂದ ಕೂಡಲೇ ನಮ್ಮ ಕೈ ಎರಡು ಬಾಗಿದ ಗೆರೆ ಎಳೆದು ತುದಿ ಸೇರಿಸುತ್ತದೆ. ನಡುವೆ ಒಂದು ಗೆರೆ, ಎರಡೂ ಕಡೆ ಮೀನಿನ ಮುಳ್ಳಿನ ಹಾಗೆ ನರಗಳು. ಅಂಥ ಎಲೆ ಯಾವ ಗಿಡದಲ್ಲೂ ಇರುವುದಿಲ್ಲ. ಹಾಗಾಗಿ ಒಂದು ನಿಜವಾದ ಎಲೆ ಕಿತ್ತು ಮೇಜಿನ ಮೇಲಿಡಿ. ನಿಮ್ಮದೇ ಫೋನಿನಲ್ಲಿ ಅದರ ಫೋಟೋ ತೆಗೆದುಕೊಂಡರೆ ಇನ್ನೂ ಒಳ್ಳೆಯದು. ಬೇರೆಯವರ ಫೋಟೋ ಮೇಲೆ ಗೆರೆ ಎಳೆಯುವ ಅಭ್ಯಾಸ ಬೇಡ. ನಾಳೆ ಆ ಪ್ಯಾಟರ್ನ್ ಮಾರಬೇಕು ಅನಿಸಿದರೆ ಅದೇ ತಲೆನೋವು.

ಹತ್ತು ನಿಮಿಷ ಬರೀ ನೋಡಿ. ಕಾಂಡದ ಮೇಲೆ ಎಲೆಗಳು ಹೇಗೆ ಕೂತಿವೆ? ಕೆಲವು ಗಿಡಗಳಲ್ಲಿ ಒಂದು ಎಲೆ ಈ ಕಡೆ, ಮುಂದಿನದು ಆ ಕಡೆ. ಕೆಲವದರಲ್ಲಿ ಜೋಡಿಯಾಗಿ ಎದುರುಬದುರು. ಇನ್ನು ಕೆಲವದರಲ್ಲಿ ಒಂದೇ ಗಿಣ್ಣಿನಿಂದ ಸುತ್ತಲೂ ಮೂರು-ನಾಲ್ಕು ಎಲೆ. ಹುಲ್ಲು, ಬಿದಿರಿನ ಎಲೆಯಲ್ಲಿ ನರಗಳು ಒಂದರ ಪಕ್ಕ ಒಂದು ಉದ್ದಕ್ಕೆ ಹೋಗುತ್ತವೆ. ಗುಲಾಬಿ ಎಲೆಯಲ್ಲಿ ಅವು ಕವಲೊಡೆದು ಬಲೆಯಾಗುತ್ತವೆ. ಇವಿಷ್ಟು ತಪ್ಪದಿದ್ದರೆ ಸಾಕು. ನೀವು ಎಲೆಗೆ ನೀಲಿ ಬಣ್ಣ ಬಳಿದರೂ ನೋಡುವವರು ನಂಬುತ್ತಾರೆ.

ಕ್ಯಾನ್ವಾಸ್ ಅಳತೆ

ಚೌಕಾಕಾರದ ಕ್ಯಾನ್ವಾಸ್ ತೆರೆಯಿರಿ: 3000 × 3000 ಪಿಕ್ಸೆಲ್, ಇಂಚಿಗೆ 300 ಪಿಕ್ಸೆಲ್. ಮುದ್ರಿಸಿದರೆ ಅದು 10 ಇಂಚಿನ ಟೈಲ್. ಕಂಪ್ಯೂಟರ್ ಹಳೆಯದಾದರೆ 2000 ಸಾಕು. ಅಂಕಿ ಯಾವುದೇ ಇರಲಿ, ಸಮಸಂಖ್ಯೆ ಆಗಿರಬೇಕು. ಮುಂದೆ ಚಿತ್ರವನ್ನು ಸರಿಯಾಗಿ ಅರ್ಧಕ್ಕೆ ಸರಿಸುತ್ತೇವೆ. ಅಗಲ 2501 ಇದ್ದರೆ ಅರ್ಧ 1250.5. ಅರ್ಧ ಪಿಕ್ಸೆಲ್ ಅನ್ನುವುದು ಇಲ್ಲ. ಸಾಫ್ಟ್‌ವೇರ್ ಅದನ್ನು ಹೇಗೋ ಹೊಂದಿಸುತ್ತದೆ, ಅಂಚು ಮಸುಕಾಗುತ್ತದೆ.

ಹಿನ್ನೆಲೆ ಬಣ್ಣಕ್ಕೆ ಬೇರೆಯೇ ಲೇಯರ್ (ಒಂದರ ಮೇಲೊಂದು ಇಡುವ ಪಾರದರ್ಶಕ ಹಾಳೆಯಂಥದ್ದು) ಇಡಿ. ಮೋಟಿಫ್‌ಗಳು, ಅಂದರೆ ಎಲೆ, ಹೂವು, ಬೀಜಗಳು, ಅದರ ಮೇಲೆ.

ಒಂದು ಎಲೆ, ನಿಧಾನವಾಗಿ

ಹೊರಗಿನ ಆಕಾರದಿಂದ ಶುರು ಮಾಡಬೇಡಿ. ಮೊದಲು ನಡುವಿನ ದಪ್ಪ ನರ ಎಳೆಯಿರಿ. ಅದು ನೆಟ್ಟಗಿರದೆ ತುದಿಯ ಕಡೆ ಸ್ವಲ್ಪ ಒಂದು ಬದಿಗೆ ಬಾಗಿರಲಿ. ತೊಟ್ಟಿನ ಹತ್ತಿರ ದಪ್ಪ, ತುದಿಗೆ ಬರುವಾಗ ಕೂದಲಿನಷ್ಟು ತೆಳು. ಸ್ಟೈಲಸ್ ಒತ್ತಡಕ್ಕೆ ತಕ್ಕಂತೆ ದಪ್ಪ ಬದಲಾಗುವ ಬ್ರಶ್ ಇದ್ದರೆ ಒಂದೇ ಎಳೆತದಲ್ಲಿ ಆಗುತ್ತದೆ. ಕೈ ನಡುಗಿದರೆ ಬ್ರಶ್ ಸ್ಟೆಬಿಲೈಸರ್ ಹಾಕಿಕೊಳ್ಳಿ, ಆದರೆ ಪೂರ್ತಿ ಏರಿಸಬೇಡಿ. ಏರಿಸಿದರೆ ಗೆರೆ ತಂತಿಯ ಹಾಗೆ ನುಣ್ಣಗಾಗಿ ಜೀವ ಹೋಗುತ್ತದೆ.

ಈಗ ಆ ನರದ ಸುತ್ತ ಆಕಾರ. ಎರಡೂ ಬದಿ ಒಂದೇ ಅಗಲ ಬೇಡ. ಕೈಯಲ್ಲಿರುವ ಎಲೆಯನ್ನೇ ನೋಡಿ, ಒಂದು ಬದಿ ತುಸು ಉಬ್ಬಿರುತ್ತದೆ. ಎಷ್ಟೋ ಸಲ ತೊಟ್ಟಿನ ಹತ್ತಿರ ಒಂದು ಬದಿ ಇನ್ನೊಂದಕ್ಕಿಂತ ಕೆಳಗೆ ಶುರುವಾಗಿರುತ್ತದೆ. ಕನ್ನಡಿ ಸಿಮೆಟ್ರಿ ಟೂಲ್ ಹಾಕಿ ಅರ್ಧ ಎಲೆ ಬಿಡಿಸುವುದು ಸುಲಭ, ಅಲ್ವಾ? ಆದರೆ ಹಾಗೆ ಬಿಡಿಸಿದ ಎಲೆ ಸೀದಾ ಕಾರ್ಖಾನೆಯಿಂದ ಬಂದ ಹಾಗೆ ಕಾಣುತ್ತದೆ. ಆ ಟೂಲನ್ನು ಚಿಟ್ಟೆ, ಜೀರುಂಡೆಗಳಿಗೆ ಇಟ್ಟುಕೊಳ್ಳಿ.

ಆಕಾರಕ್ಕೆ ಒಂದೇ ಬಣ್ಣ ತುಂಬಿ. ಆಮೇಲೆ ಆ ಲೇಯರ್‌ನ ಆಲ್ಫಾ ಲಾಕ್ ಮಾಡಿ. ಈಗ ಬ್ರಶ್ ಎಲ್ಲಿ ಓಡಿದರೂ ಬಣ್ಣ ಎಲೆಯೊಳಗೇ ಉಳಿಯುತ್ತದೆ. ಒಂದು ಬದಿಗೆ ಸ್ವಲ್ಪ ಗಾಢ ಬಣ್ಣ ಕೊಡಿ, ನರದ ಪಕ್ಕದಲ್ಲಿ ಇನ್ನೊಂದು ಚೂರು. ಅಷ್ಟರಲ್ಲೇ ಎಲೆ ಮಡಿಕೆ ಬಿದ್ದಂತೆ ಕಾಣುತ್ತದೆ.

ಬದಿಯ ನರಗಳನ್ನು ಅಂಚಿನವರೆಗೆ ಎಳೆಯಬೇಡಿ. ಬಹಳಷ್ಟು ಎಲೆಗಳಲ್ಲಿ ಅವು ಅಂಚು ಹತ್ತಿರ ಬರುತ್ತಿದ್ದಂತೆ ಮೇಲಕ್ಕೆ ತಿರುಗಿ ಮಾಯವಾಗುತ್ತವೆ. ಎಡ-ಬಲದ ನರಗಳು ಒಂದೇ ಬಿಂದುವಿನಿಂದ ಹೊರಡುವುದೂ ಕಡಿಮೆ. ಕೊನೆಗೆ ಬೇಕಿದ್ದರೆ ಹುಳ ತಿಂದ ಒಂದು ತೂತು. ಇದು ನನ್ನ ಇಷ್ಟದ ಕೆಲಸ, ಆದರೆ ಇಲ್ಲಿ ಎಚ್ಚರಿಕೆ ಬೇಕು. ಐದು ಎಲೆಗಳಲ್ಲಿ ಒಂದಕ್ಕೆ ಮಾತ್ರ ತೂತಿದ್ದರೆ ಇಡೀ ಪ್ಯಾಟರ್ನ್‌ನಲ್ಲಿ ಆ ತೂತೇ ಎದ್ದು ಕಾಣುತ್ತದೆ. ಇಡುವುದಾದರೆ ಮೂರಕ್ಕಾದರೂ ಇಡಿ, ಮೂರೂ ಬೇರೆ ಬೇರೆ ಜಾಗದಲ್ಲಿ, ಬೇರೆ ಬೇರೆ ಗಾತ್ರದಲ್ಲಿ.

ಹೀಗೆ ನಾಲ್ಕೈದು ಎಲೆ ಮಾಡಿಕೊಳ್ಳಿ. ಒಂದೇ ಎಲೆಯನ್ನು ಕಾಪಿ ಮಾಡಿ ತಿರುಗಿಸಿದರೆ ಸಾಲದಾ ಎಂದರೆ, ಸಾಲದು. ತಿರುಗಿಸಿದರೂ ಕಣ್ಣು ಗುರುತು ಹಿಡಿಯುತ್ತದೆ. ಬೇರೆ ಬೇರೆ ಎಲೆಗಳಿಂದ ಶುರು ಮಾಡಿ ಆಮೇಲೆ ತಿರುಗಿಸಿದರೆ ನಡೆಯುತ್ತದೆ. ಕೆಲವು ಮುಂದಕ್ಕೆ ನೋಡುವ ಎಲೆ, ಒಂದೆರಡು ಬದಿಯಿಂದ ಕಾಣುವ ಎಲೆ, ಒಂದು ಇನ್ನೂ ಬಿಚ್ಚಿಕೊಳ್ಳದ ಎಳೆ ಎಲೆ, ಹೀಗೆ.

ಬೀಜಗಳ ಸುರುಳಿ

ಸೂರ್ಯಕಾಂತಿಯ ನಡುವಿನ ಬೀಜಗಳನ್ನು ಕೈಯಳತೆಯಲ್ಲಿ ಬಿಡಿಸಿದರೆ ಎಲ್ಲೋ ಒಂದು ಕಡೆ ಗೊಂದಲ ಆಗಿಯೇ ಆಗುತ್ತದೆ. ಅದಕ್ಕೊಂದು ಲೆಕ್ಕ ಇದೆ, ಕಷ್ಟದ್ದೇನಲ್ಲ. ಪ್ರತಿ ಹೊಸ ಬೀಜ ಹಿಂದಿನದಕ್ಕಿಂತ 137.5 ಡಿಗ್ರಿ ತಿರುಗಿ ಕೂರುತ್ತದೆ. ನಡುವಿನಿಂದ ಅದರ ದೂರ, ಅದು ಎಷ್ಟನೆಯ ಬೀಜವೋ ಆ ಸಂಖ್ಯೆಯ ವರ್ಗಮೂಲದಷ್ಟು. ಒಂದನೆಯ ಬೀಜ 1 ಅಳತೆ ದೂರದಲ್ಲಿದ್ದರೆ ನಾಲ್ಕನೆಯದು 2, ಒಂಬತ್ತನೆಯದು 3, ಹದಿನಾರನೆಯದು 4. ಈ ಸರಳ ಸೂತ್ರವನ್ನು 1979ರಲ್ಲಿ ಹೆಲ್ಮುಟ್ ಫೋಗೆಲ್ ಕೊಟ್ಟರು.

ಒಮ್ಮೆ 137.5ರ ಬದಲು 135 ಡಿಗ್ರಿ ಹಾಕಿ ನೋಡಿ. ಎಂಟು ಬೀಜಕ್ಕೊಮ್ಮೆ ಅದೇ ದಿಕ್ಕು ಬರುತ್ತದೆ, ಯಾಕೆಂದರೆ 135 ಎಂಟು ಸಲ ಸೇರಿದರೆ ಸರಿಯಾಗಿ ಮೂರು ಸುತ್ತು. ಹೂವಿನ ಬದಲು ಎಂಟು ಕಡ್ಡಿಯ ಚಕ್ರ ಸಿಗುತ್ತದೆ. ಮತ್ತೆ 137.5ಕ್ಕೆ ಬನ್ನಿ. ಬೀಜಗಳು ತಾವಾಗಿಯೇ ಎರಡು ದಿಕ್ಕಿನ ಸುರುಳಿಗಳಾಗಿ ಹೊಂದಿಕೊಳ್ಳುತ್ತವೆ. ಸೂರ್ಯಕಾಂತಿಯಲ್ಲಿ ಈ ಸುರುಳಿಗಳನ್ನು ಎಣಿಸಿದರೆ ಸಾಮಾನ್ಯವಾಗಿ 34 ಮತ್ತು 55, ದೊಡ್ಡ ಹೂವಾದರೆ 55 ಮತ್ತು 89. ಪೈನ್ ಮರದ ಕಾಯಿಯಲ್ಲಿ ಹೆಚ್ಚಾಗಿ 8 ಮತ್ತು 13.

ಪ್ಯಾಟರ್ನ್‌ನ ಒಂದು ಹೂವಿಗೆ ಅರವತ್ತು ಬೀಜ ಧಾರಾಳ. ಒಂದು ಲೇಯರ್‌ನಲ್ಲಿ ಚುಕ್ಕೆ ಚುಕ್ಕೆಯಾಗಿ ಈ ನಕ್ಷೆ ಒಂದು ಸಲ ಮಾಡಿಟ್ಟುಕೊಳ್ಳಿ. ಅದರ ಮೇಲೆ ಹೊಸ ಲೇಯರ್ ತೆರೆದು ಬೀಜಗಳನ್ನು ಕೈಯಲ್ಲೇ ಬಿಡಿಸಿ. ಜಾಗ ಲೆಕ್ಕದ್ದು, ಗೆರೆ ನಿಮ್ಮದು. ನಕ್ಷೆಯ ಫೈಲ್ ಮುಂದೆ ಹತ್ತು ಹೂವಿಗೆ ಬರುತ್ತದೆ.

ಟೈಲ್ ಕಟ್ಟುವುದು

ಈಗ ಮುಖ್ಯ ಕೆಲಸ. ಮೋಟಿಫ್‌ಗಳನ್ನು ಕ್ಯಾನ್ವಾಸ್‌ನ ನಡುಭಾಗದಲ್ಲಿ ಜೋಡಿಸಿ. ಯಾವುದೂ ಅಂಚನ್ನು ಮುಟ್ಟಬಾರದು. ಫೈಲಿನ ಒಂದು ಪ್ರತಿ ಉಳಿಸಿಕೊಳ್ಳಿ, ಯಾಕೆಂದರೆ ಇಲ್ಲಿಂದ ಮುಂದೆ ತಪ್ಪಾದರೆ ಹಿಂದಕ್ಕೆ ಬರುವುದು ಕಷ್ಟ.

ಆಫ್‌ಸೆಟ್ ಅನ್ನುವ ಟೂಲ್ ಚಿತ್ರವನ್ನು ಅಡ್ಡಕ್ಕೂ ಉದ್ದಕ್ಕೂ ಅರ್ಧ ಸರಿಸುತ್ತದೆ. ಬಲಗಡೆ ಹೊರಗೆ ಹೋದ ಭಾಗ ಎಡಗಡೆಯಿಂದ ಒಳಗೆ ಬರುತ್ತದೆ, ಕೆಳಗೆ ಹೋದದ್ದು ಮೇಲಿನಿಂದ. ಅಂದರೆ ನೀವು ನಡುವೆ ಬಿಡಿಸಿದ್ದು ನಾಲ್ಕು ತುಂಡಾಗಿ ನಾಲ್ಕು ಮೂಲೆಗೆ ಹೋಗುತ್ತದೆ. ಮೊದಲು ಅಂಚಿನಲ್ಲಿದ್ದ ಖಾಲಿ ಜಾಗ ಈಗ ನಡುವೆ ಕೂಡಿಸುವ ಚಿಹ್ನೆಯ ಹಾಗೆ ಕಾಣುತ್ತದೆ. ಆ ಖಾಲಿಯನ್ನು ಹೊಸ ಎಲೆಗಳಿಂದ ತುಂಬಿ. ಈಗಲೂ ಅಂಚಿನ ತಂಟೆಗೆ ಹೋಗಬೇಡಿ. ಅಲ್ಲಿರುವ ಅರ್ಧ ಎಲೆಗೆ ಒಂದು ಗೆರೆ ಸೇರಿಸಿದರೂ ಎದುರು ಅಂಚಿನ ಇನ್ನರ್ಧಕ್ಕೆ ಅದು ಸೇರುವುದಿಲ್ಲ.

ಫೋಟೋಶಾಪ್‌ನಲ್ಲಿ ಇದು ಫಿಲ್ಟರ್ ಮೆನುವಿನ ಅದರ್ ಒಳಗೆ ಇದೆ. 3000ರ ಕ್ಯಾನ್ವಾಸ್‌ಗೆ ಎರಡೂ ಕಡೆ 1500 ಕೊಟ್ಟು ರ್‍ಯಾಪ್ ಅರೌಂಡ್ ಆರಿಸಿ. ಗಿಂಪ್‌ನಲ್ಲಿ ಲೇಯರ್ ಮೆನು, ಅದರೊಳಗೆ ಟ್ರಾನ್ಸ್‌ಫಾರ್ಮ್, ಆಮೇಲೆ ಆಫ್‌ಸೆಟ್. ಎರಡೂ ಕಡೆ ಅರ್ಧ ಸರಿಸುವ ಬಟನ್ ಅಲ್ಲೇ ಇದೆ. ಗಿಂಪ್‌ನಲ್ಲಿ ಹೊಸಬರು ಮುಗ್ಗರಿಸುವ ಜಾಗ ಒಂದಿದೆ. ಅಲ್ಲಿ ಪ್ರತಿ ಲೇಯರ್‌ಗೂ ತನ್ನದೇ ಗಾತ್ರ ಇರುತ್ತದೆ. ಲೇಯರ್ ಕ್ಯಾನ್ವಾಸ್‌ಗಿಂತ ಚಿಕ್ಕದಿದ್ದರೆ ಆಫ್‌ಸೆಟ್ ಆ ಚಿಕ್ಕ ಪೆಟ್ಟಿಗೆಯೊಳಗೇ ಸುತ್ತುತ್ತದೆ. ಮೊದಲು ಲೇಯರನ್ನು ಇಮೇಜಿನ ಗಾತ್ರಕ್ಕೆ ತನ್ನಿ. ಲೇಯರ್‌ಗಳು ಹಲವು ಇದ್ದರೆ ಎಲ್ಲಕ್ಕೂ ಒಂದೇ ಅಂಕಿ ಕೊಡಬೇಕು ಅನ್ನುವುದೂ ನೆನಪಿರಲಿ.

ಪ್ರೊಕ್ರಿಯೇಟ್‌ನಲ್ಲಿ ಕೈಯಿಂದ ಮಾಡಬೇಕು. ಹಿನ್ನೆಲೆ ಬಣ್ಣ ಸಮೇತ ಎಲ್ಲವನ್ನೂ ಒಂದೇ ಲೇಯರ್ ಮಾಡಿ ನಾಲ್ಕು ಕಾಪಿ ತೆಗೆಯಿರಿ. ಸರಿಸುವಾಗ ಅಂಚಿಗೆ ತಾನೇ ಅಂಟಿಕೊಳ್ಳುವ ಸ್ನ್ಯಾಪಿಂಗ್ ಹಾಕಿ, ಪಿಕ್ಸೆಲ್ ಮಸುಕಾಗದಿರಲು ಇಂಟರ್‌ಪೊಲೇಶನ್ ನಿಯರೆಸ್ಟ್ ನೇಬರ್ ಇರಲಿ. ಒಂದೊಂದು ಕಾಪಿಯನ್ನು ಒಂದೊಂದು ಮೂಲೆಯ ಕಡೆ ಸರಿಯಾಗಿ ಅರ್ಧ ಸರಿಸಿ. ಹಿನ್ನೆಲೆ ಬಣ್ಣ ಸೇರಿಸದಿದ್ದರೆ ಸೆಲೆಕ್ಷನ್ ಪೆಟ್ಟಿಗೆ ಕ್ಯಾನ್ವಾಸ್‌ನಷ್ಟು ಇರುವುದಿಲ್ಲ, ಅಳತೆ ತಪ್ಪುತ್ತದೆ.

ಕ್ರಿಟಾ ಬಗ್ಗೆ ಹೇಳಿದೆನಲ್ಲ. ಅಲ್ಲಿ ಡಬ್ಲ್ಯೂ ಕೀ ಒತ್ತಿದರೆ ಸಾಕು, ಕ್ಯಾನ್ವಾಸ್ ಎಲ್ಲಾ ದಿಕ್ಕಿಗೂ ತಾನೇ ಹರಡಿಕೊಳ್ಳುತ್ತದೆ. ಒಂದು ಕಡೆ ಗೆರೆ ಎಳೆದರೆ ಎಲ್ಲಾ ಪ್ರತಿಗಳಲ್ಲೂ ಅದೇ ಕ್ಷಣ ಮೂಡುತ್ತದೆ. ಅಂಚು ಅನ್ನುವುದೇ ಇಲ್ಲ, ಹಾಗಾಗಿ ಮೇಲಿನ ಸರ್ಕಸ್ ಬೇಕಿಲ್ಲ. ಫೋಟೋಶಾಪ್‌ನಲ್ಲೂ ಈಗ ವ್ಯೂ ಮೆನುವಿನಲ್ಲಿ ಪ್ಯಾಟರ್ನ್ ಪ್ರಿವ್ಯೂ ಬಂದಿದೆ. ಇಲ್ಲಸ್ಟ್ರೇಟರ್‌ನಲ್ಲಾದರೆ ಆಬ್ಜೆಕ್ಟ್ ಮೆನುವಿನ ಪ್ಯಾಟರ್ನ್ ಮೇಕ್. ಆದರೂ ಒಂದು ಸಲವಾದರೂ ಆಫ್‌ಸೆಟ್ ಹಾದಿಯಲ್ಲಿ ಹೋಗಿ ಬನ್ನಿ ಎನ್ನುತ್ತೇನೆ. ಟೈಲ್ ಒಳಗೆ ಏನು ನಡೆಯುತ್ತದೆ ಎಂದು ಕೈಗೆ ಗೊತ್ತಾಗುತ್ತದೆ.

ಇಂಕ್‌ಸ್ಕೇಪ್ ಬಳಸುವವರಿಗೆ ಒಂದು ಚಿತ್ರದ ಪ್ರತಿಗಳನ್ನು ಸಾಲಾಗಿ ಜೋಡಿಸುವ ಟೈಲ್ಡ್ ಕ್ಲೋನ್ಸ್ ಇದೆ. ಅಲ್ಲಿನ ಪಟ್ಟಿಯಲ್ಲಿ 17 ಬಗೆಯ ಸಿಮೆಟ್ರಿ ಕಾಣುತ್ತದೆ. ಅಷ್ಟೇ ಯಾಕೆ ಎಂದು ನನಗೂ ಅನಿಸಿತ್ತು. ಸಮತಲದಲ್ಲಿ ಎರಡು ದಿಕ್ಕಿಗೂ ಮರುಕಳಿಸುವ ವಿನ್ಯಾಸಗಳು ಸಿಮೆಟ್ರಿಯ ಲೆಕ್ಕದಲ್ಲಿ ಇರುವುದೇ ಹದಿನೇಳು ಬಗೆ. ರಷ್ಯಾದ ಸ್ಫಟಿಕ ವಿಜ್ಞಾನಿ ಫೆಡೊರೊವ್ ಇದನ್ನು 1891ರಲ್ಲೇ ತೋರಿಸಿದ್ದರು.

ಸಾಲು ಮುರಿಯುವುದು

ಟೈಲ್ ಆಯಿತು. ಈಗ ಅದನ್ನು ಅಡ್ಡ ಮೂರು, ಉದ್ದ ಮೂರು ಜೋಡಿಸಿ, ಪರದೆಯಲ್ಲಿ ಚಿಕ್ಕದು ಮಾಡಿ, ಎರಡು ಹೆಜ್ಜೆ ಹಿಂದೆ ಹೋಗಿ ಕಣ್ಣು ಅರೆಮುಚ್ಚಿ ನೋಡಿ. ನನ್ನ ಕೆಂಪು ಚುಕ್ಕೆಗಳು ಕಂಡದ್ದು ಹೀಗೆಯೇ.

ಸಾಮಾನ್ಯವಾಗಿ ಎರಡು ತರಹದ ಸಾಲು ಕಾಣುತ್ತವೆ. ಮೊದಲನೆಯದು ಗಮನ ಸೆಳೆಯುವ ಒಂದು ವಸ್ತುವಿನದು: ಒಂದೇ ಒಂದು ಕೆಂಪು ಹಣ್ಣು, ಒಂದೇ ಒಂದು ಹಕ್ಕಿ, ಎಲ್ಲಕ್ಕಿಂತ ದೊಡ್ಡ ಒಂದು ಹೂವು. ಪರಿಹಾರ ಸುಲಭ, ಮನಸ್ಸು ಒಪ್ಪುವುದು ಕಷ್ಟ. ಒಂದೋ ಅದಕ್ಕೆ ಜೊತೆ ಕೊಡಿ, ಇಲ್ಲವೇ ಅದರ ಬಣ್ಣ ತಗ್ಗಿಸಿ. ನಾನು ಎರಡು ಗಂಟೆಯ ಆ ಗೊಂಚಲನ್ನು ಮೂರು ತುಂಡು ಮಾಡಿದೆ. ಒಂದರಲ್ಲಿ ಐದು ಹಣ್ಣು, ಒಂದರಲ್ಲಿ ಮೂರು, ಇನ್ನೊಂದರಲ್ಲಿ ಒಂದೇ. ಮೂರನ್ನೂ ಟೈಲ್‌ನ ಬೇರೆ ಬೇರೆ ಕಡೆ, ನೇರ ಸಾಲಿನಲ್ಲಿ ಬರದ ಹಾಗೆ ಇಟ್ಟೆ. ಒಂದನ್ನು ಎಲೆಯ ಹಿಂದೆ ಅರ್ಧ ಮುಚ್ಚಿದೆ. ಸಾಲು ಹೋಯಿತು.

ಎರಡನೆಯದು ಖಾಲಿ ಜಾಗದ ಸಾಲು. ಇದನ್ನು ಹೊಸಬರು ಗಮನಿಸುವುದೇ ಇಲ್ಲ. ಎಲೆಗಳ ನಡುವಿನ ಖಾಲಿ ಜಾಗಗಳು ಒಂದಕ್ಕೊಂದು ಸೇರಿ ಇಡೀ ಪ್ಯಾಟರ್ನ್ ಉದ್ದಕ್ಕೂ ಹೊಳೆಯ ಹಾಗೆ ಹರಿಯುತ್ತಿರುತ್ತವೆ. ಅದನ್ನು ಕಾಣಲು ಒಂದು ಉಪಾಯ: ಎಲ್ಲಾ ಮೋಟಿಫ್‌ಗಳಿಗೂ ಕಪ್ಪು ತುಂಬಿ, ಹಿನ್ನೆಲೆ ಬಿಳಿ ಮಾಡಿ. ಈಗ ಬಿಳಿಯನ್ನು ಮಾತ್ರ ನೋಡಿ. ಎಲ್ಲಿ ಬಿಳಿ ಉದ್ದಕ್ಕೆ ಹರಿದಿದೆಯೋ ಅಲ್ಲಿ ಅಡ್ಡಲಾಗಿ ಒಂದು ಕೊಂಬೆ ಚಾಚಿ. ಎಲ್ಲಿ ಬಿಳಿ ಗುಂಡಗೆ ದೊಡ್ಡದಾಗಿದೆಯೋ ಅಲ್ಲಿ ಎರಡು ಬೀಜ ಉದುರಿಸಿ. ನನ್ನ ಲೆಕ್ಕದಲ್ಲಿ ಮೂರು ಗಾತ್ರಗಳು ಬೇಕೇ ಬೇಕು: ದೊಡ್ಡ ಹೂವು-ಎಲೆ, ಮಧ್ಯಮ ಕೊಂಬೆ-ಮೊಗ್ಗು, ಸಣ್ಣ ಬೀಜ-ಚುಕ್ಕೆ. ಸಣ್ಣವು ಇಲ್ಲದಿದ್ದರೆ ಸಂದುಗಳು ಬಾಯಿಬಿಡುತ್ತವೆ.

ಇಷ್ಟಾದರೂ ಸಾಲು ಉಳಿದರೆ ಹಾಫ್ ಡ್ರಾಪ್ ಮಾಡಿ. ಅಂದರೆ ಪಕ್ಕದ ಕಂಬಸಾಲಿನ ಟೈಲ್‌ಗಳು ಅರ್ಧ ಎತ್ತರ ಕೆಳಗಿಳಿದು ಕೂರುತ್ತವೆ. ಬಟ್ಟೆ, ವಾಲ್‌ಪೇಪರ್ ವಿನ್ಯಾಸದಲ್ಲಿ ಇದು ಬಹಳ ಹಳೆಯ ಪದ್ಧತಿ. ಇಲ್ಲಸ್ಟ್ರೇಟರ್‌ನಲ್ಲಿ ಬ್ರಿಕ್ ಬೈ ಕಾಲಮ್ ಆರಿಸಿದರೆ ಮುಗಿಯಿತು. ಬೇರೆ ಕಡೆ ಹೀಗೆ ಮಾಡಬಹುದು. ಟೈಲ್ ಕಟ್ಟುವಾಗ ಎಡ-ಬಲ ಅಂಚನ್ನು ಏನೂ ದಾಟದಂತೆ, ಮೇಲೆ-ಕೆಳಗೆ ಮಾತ್ರ ದಾಟುವಂತೆ ಮಾಡಿ. ಆಮೇಲೆ ಕ್ಯಾನ್ವಾಸ್ ಅಗಲವನ್ನು 6000ಕ್ಕೆ ಹೆಚ್ಚಿಸಿ. ಬಲಗಡೆಗೆ ಟೈಲ್‌ನ ಕಾಪಿ ಇಟ್ಟು ಅದನ್ನೊಂದನ್ನೇ ಉದ್ದಕ್ಕೆ 1500 ಆಫ್‌ಸೆಟ್ ಮಾಡಿ. ಎರಡರ ನಡುವೆ ಉಳಿದ ಸಂದಿಯನ್ನು ಹೊಸ ಎಲೆಗಳಿಂದ ಮುಚ್ಚಿ. ಕೊನೆಗೆ ಇಡೀ ಕ್ಯಾನ್ವಾಸನ್ನು ಅಡ್ಡಕ್ಕೆ ಮಾತ್ರ 3000 ಸರಿಸಿ, ಹೊರ ಅಂಚಿನ ಸಂದಿಯನ್ನೂ ಹಾಗೆಯೇ ಮುಚ್ಚಿ. ಈಗ 6000 × 3000 ಇರುವುದೇ ನಿಮ್ಮ ಟೈಲ್.

ಮರುಕಳಿಕೆಯನ್ನು ಅಡಗಿಸಲೇಬೇಕು ಎಂದೇನಿಲ್ಲ. ಇಂಗ್ಲೆಂಡಿನ ವಿನ್ಯಾಸಕಾರ ವಿಲಿಯಂ ಮಾರಿಸ್ 1862ರಲ್ಲಿ ರೂಪಿಸಿದ ತನ್ನ ಮೊದಲ ವಾಲ್‌ಪೇಪರ್ ವಿನ್ಯಾಸ ‘ಟ್ರೆಲ್ಲಿಸ್’ನಲ್ಲಿ ಮರದ ಚೌಕಟ್ಟಿನ ಚಪ್ಪರವನ್ನೇ ಬಿಡಿಸಿಟ್ಟಿದ್ದಾನೆ. ಚೌಕ ಬಹಿರಂಗವಾಗಿಯೇ ಇದೆ, ಗುಲಾಬಿ ಬಳ್ಳಿ ಅದರ ಮೇಲೆ ಹಬ್ಬಿದೆ. ಹಕ್ಕಿಗಳನ್ನು ಮಾತ್ರ ಗೆಳೆಯ ಫಿಲಿಪ್ ವೆಬ್ ಕೈಯಲ್ಲಿ ಬಿಡಿಸಿಕೊಂಡ. ಸಾಲು ಹೋಗುತ್ತಲೇ ಇಲ್ಲ ಅಂತಾದರೆ ಈ ದಾರಿಯೂ ಇದೆ.

ಚುಕ್ಕೆ, ಪಟ್ಟೆಗಳು

ಚಿರತೆಯ ಚುಕ್ಕೆ, ಜೀಬ್ರಾದ ಪಟ್ಟೆಯಂಥವು ಬೇಕಿದ್ದರೆ ಬೇರೆ ದಾರಿ. ಒಂದರ ಮೇಲೊಂದು ಪ್ರಭಾವ ಬೀರುತ್ತಾ ಬೇರೆ ಬೇರೆ ವೇಗದಲ್ಲಿ ಹರಡುವ ಎರಡು ರಾಸಾಯನಿಕಗಳಿಂದಲೇ ಇಂಥ ವಿನ್ಯಾಸ ತಾನಾಗಿ ಮೂಡಬಹುದು ಎಂದು 1952ರಲ್ಲಿ ಬ್ರಿಟಿಷ್ ಗಣಿತಜ್ಞ ಅಲನ್ ಟ್ಯೂರಿಂಗ್ ಗಣಿತದಿಂದ ತೋರಿಸಿದ. ನಮಗೆ ಫಿಲ್ಟರ್‌ಗಳೇ ಆ ಕೆಲಸ ಮಾಡುತ್ತವೆ. ಕಪ್ಪು-ಬಿಳಿ ನಾಯ್ಸ್, ಅಂದರೆ ಅಡ್ಡಾದಿಡ್ಡಿ ಚುಕ್ಕೆಗಳು, ತುಂಬಿ, ಬ್ಲರ್ ಮಾಡಿ, ಶಾರ್ಪನ್ ಮಾಡಿ. ಇದನ್ನೇ ಹತ್ತಿಪ್ಪತ್ತು ಸಲ ಮಾಡುತ್ತಾ ಹೋಗಿ. ಕೊನೆಗೆ ಎಲ್ಲವನ್ನೂ ಅಚ್ಚ ಕಪ್ಪು, ಅಚ್ಚ ಬಿಳಿ ಮಾಡುವ ಥ್ರೆಶೋಲ್ಡ್. ಸುತ್ತಿ ಸುಳಿಯುವ ಪಟ್ಟೆಗಳು ಎದ್ದು ಬರುತ್ತವೆ.

ತೊಂದರೆ ಏನೆಂದರೆ ಬ್ಲರ್ ಅಂಚನ್ನು ಕೆಡಿಸುತ್ತದೆ. ಹಾಗಾಗಿ ನಾಯ್ಸ್ ಟೈಲನ್ನು ಮೊದಲೇ ಒಂಬತ್ತು ಪ್ರತಿ ಜೋಡಿಸಿ ದೊಡ್ಡ ಚೌಕ ಮಾಡಿ. ಫಿಲ್ಟರ್‌ಗಳೆಲ್ಲ ಮುಗಿದ ಮೇಲೆ ನಡುವಿನ ಒಂದು ಟೈಲನ್ನು ಮಾತ್ರ ಕತ್ತರಿಸಿಕೊಳ್ಳಿ. ಅದು ನಾಲ್ಕೂ ಕಡೆ ಸೇರುತ್ತದೆ.

ಬಣ್ಣ

ಐದಾರು ಬಣ್ಣ ಸಾಕು. ನೀವು ಕಿತ್ತ ಎಲೆಯ ಫೋಟೋದಿಂದಲೇ ಬಣ್ಣ ಆರಿಸಿ. ಹಸಿರು ಅಂದುಕೊಂಡದ್ದರಲ್ಲಿ ಎಷ್ಟು ಹಳದಿ, ಎಷ್ಟು ಕಂದು ಇದೆ ಎಂದು ಆಗ ಗೊತ್ತಾಗುತ್ತದೆ. ಚಿತ್ರವನ್ನು ಒಮ್ಮೆ ಬೂದು ಬಣ್ಣಕ್ಕೆ ತಿರುಗಿಸಿ ನೋಡಿ. ಎಲೆಯೂ ಹಿನ್ನೆಲೆಯೂ ಒಂದೇ ಬೂದಾಗಿ ಕಂಡರೆ ದೂರದಿಂದ ಏನೂ ಕಾಣುವುದಿಲ್ಲ. ಒಂದನ್ನು ತಿಳಿಯಾಗಿಸಿ. ಮುದ್ರಣಕ್ಕೆ ಕೊಡುವುದಾದರೆ ಪರದೆಯಲ್ಲಿ ಹೊಳೆಯುವ ಹಸಿರು ಕಾಗದದ ಮೇಲೆ ಮಂಕಾಗುತ್ತದೆ. ಮೊದಲು ಒಂದು ಸಣ್ಣ ತುಂಡು ಮುದ್ರಿಸಿ ನೋಡುವುದು ಕ್ಷೇಮ.

ಫೈಲ್ ಉಳಿಸುವಾಗ

ಪಿಎನ್‌ಜಿ ಆಗಿ ಉಳಿಸಿ. ವೆಕ್ಟರ್, ಅಂದರೆ ಪಿಕ್ಸೆಲ್ ಬದಲು ಗೆರೆ-ಆಕಾರಗಳ ಲೆಕ್ಕದಲ್ಲಿ ಉಳಿಯುವ ಚಿತ್ರ, ಆದರೆ ಎಸ್‌ವಿಜಿ. ಜೆಪೆಗ್ ಬೇಡ. ಅದು ಚಿತ್ರವನ್ನು 8 × 8 ಪಿಕ್ಸೆಲ್‌ಗಳ ಚೂರುಗಳಾಗಿ ಒಡೆದು ಕುಗ್ಗಿಸುತ್ತದೆ, ಟೈಲ್ ಸೇರುವ ಕಡೆ ಸಣ್ಣ ಕೊಳೆ ಉಳಿಯಬಹುದು.

ಉಳಿಸಿದ ಫೈಲನ್ನೇ ಹೊಸ ಕ್ಯಾನ್ವಾಸ್‌ನಲ್ಲಿ ಪ್ಯಾಟರ್ನ್ ಆಗಿ ತುಂಬಿ, ನೂರಕ್ಕೆ ನೂರು ಗಾತ್ರದಲ್ಲಿ ಅಂಚುಗಳ ಮೇಲೆ ಕಣ್ಣಾಡಿಸಿ. ಕೂದಲೆಳೆಯಂಥ ಬಿಳಿ ಗೆರೆ ಕಂಡರೆ ಝೂಮ್ ಬದಲಿಸಿ ನೋಡಿ. ಝೂಮ್ ಬದಲಾದಾಗ ಗೆರೆ ಮಾಯವಾದರೆ ಅದು ಪರದೆಯ ಆಟ, ಸುಮ್ನೆ ಬಿಟ್ಟುಬಿಡಿ. ವೆಕ್ಟರ್ ಪ್ಯಾಟರ್ನ್‌ಗಳಲ್ಲಿ ಇದು ತುಂಬಾ ಸಾಮಾನ್ಯ. ಎಲ್ಲಾ ಝೂಮ್‌ನಲ್ಲೂ ಗೆರೆ ಅಲ್ಲೇ ಇದ್ದರೆ ಎಲ್ಲೋ ಒಂದು ಲೇಯರ್ ಅರ್ಧ ಪಿಕ್ಸೆಲ್ ಜರುಗಿದೆ, ಅಥವಾ ಹಿನ್ನೆಲೆ ಲೇಯರ್ ಅಂಚಿನವರೆಗೆ ತುಂಬಿಲ್ಲ. ಹತ್ತರಲ್ಲಿ ಎಂಟು ಸಲ ನನಗೆ ಸಿಕ್ಕ ತಪ್ಪು ಎರಡನೆಯದೇ. ಅದನ್ನು ಮೊದಲು ನೋಡಿ.